ಪೆಟ್ಟು ಬಿದ್ದರೂ ಬೀಳದ ಪಾಪರ್

ಟೆಕ್ಸಾಸ್‌ನ ನಮ್ಮ ಕ್ಲಬ್ಬಿನ ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ) ಪಂದ್ಯಗಳಿಗೆ ಸ್ಟೇಜ್, ಅಂದರೆ ಗುರಿಗಳನ್ನು ನಿಲ್ಲಿಸಿದ ಒಂದೊಂದು ಸುತ್ತಿನ ಅಂಕಣ, ಕಟ್ಟುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಅದೇ ಪಂದ್ಯದಲ್ಲಿ ಶೂಟ್ ಮಾಡುತ್ತೇನೆ, ರೇಂಜ್ ಆಫೀಸರ್ (ಆರ್‌ಓ, ಅಂದರೆ ಸ್ಟೇಜಿನ ತೀರ್ಪುಗಾರ) ಆಗಿ ಟೈಮರನ್ನೂ ಹಿಡಿಯುತ್ತೇನೆ. ಅಲ್ಲಿ ಮನಸ್ತಾಪಕ್ಕೆ ಕಾರಣವಾಗುವುದು ಹೆಚ್ಚಾಗಿ ಪಾಪರ್, ಅಂದರೆ ಗುಂಡು ಬಿದ್ದರೆ ಹಿಂದಕ್ಕೆ ಉರುಳಬೇಕಾದ ಉಕ್ಕಿನ ಗುರಿ. ಠಣ್ ಎಂದದ್ದು ಎಲ್ಲರಿಗೂ ಕೇಳಿಸಿರುತ್ತದೆ, ಬಿಳಿ ಬಣ್ಣ ಹಾರಿ ಬೂದು ಕಲೆ ಮೂಡಿರುತ್ತದೆ, ಪಾಪರ್ ಮಾತ್ರ ಒಮ್ಮೆ ಓಲಾಡಿ ನಿಂತೇ ಇರುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸೀತು. ಅಲ್ಲಿ ಕಾಯಿ ಸೀಳಿದರೆ ಮುಗಿಯಿತು. ಇಲ್ಲಿ ಹೊಡೆದರೆ ಸಾಲದು, ಕೆಡವಬೇಕು.

ಹೀಗೇಕೆ ಎಂಬುದಕ್ಕೆ ಕಾರಣವಿದೆ. 1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿ ಪ್ರಾಕ್ಟಿಕಲ್ ಶೂಟಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಹುಟ್ಟಿದಾಗಿನಿಂದ ನಿಖರತೆ, ಬಲ, ವೇಗ ಮೂರನ್ನೂ ಸಮವಾಗಿ ಅಳೆಯಬೇಕು ಎಂಬುದು ಈ ಆಟದ ತತ್ವ. ಬಲಕ್ಕೆ ಪವರ್ ಫ್ಯಾಕ್ಟರ್ ಎಂಬ ಲೆಕ್ಕವಿದೆ. ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ವೇಗವೋ ಅದರಿಂದ ಗುಣಿಸಿ 1000ದಿಂದ ಭಾಗಿಸಬೇಕು. 147 ಗ್ರೇನ್ ಗುಂಡು 880 ಅಡಿ ವೇಗದಲ್ಲಿ ಹೋದರೆ 129 ಬರುತ್ತದೆ. ಕಡಿಮೆ ಬಲದ ಮೈನರ್ ವರ್ಗಕ್ಕೆ ಕನಿಷ್ಠ 125, ಹೆಚ್ಚು ಬಲದ ಮೇಜರ್‌ಗೆ 165 ಬೇಕು. ಮೈನರ್ ಗುಂಡಿಗೂ ಬೀಳುವಂತೆ ಪಾಪರ್ ಹೊಂದಿಸಿರಬೇಕು ಎನ್ನುತ್ತದೆ ನಿಯಮ. ಹಾಗಾಗಿ ಪಾಪರ್ ಸ್ವಲ್ಪ ಭಾರವಾದರೂ ಮೇಜರ್ ಶೂಟರ್‌ಗೆ ಗೊತ್ತೇ ಆಗುವುದಿಲ್ಲ, ಏಟು ತಿನ್ನುವುದು ಮೈನರ್‌ನವರು.

ಈಗ ಹೊಡೆದವರ ಜಾಗದಲ್ಲಿ ನಿಂತು ನೋಡಿ. ಮತ್ತೊಂದು ಗುಂಡು ಹಾಕಿ ಕೆಡವಬಹುದು, ಆಗ ದೂರಿಗೆ ಜಾಗವಿಲ್ಲ. ಹಾಗೇ ಬಿಟ್ಟು ಮುಂದೆ ಹೋಗಿ ಕೊನೆಗೆ ಕ್ಯಾಲಿಬ್ರೇಶನ್, ಅಂದರೆ ಪಾಪರ್ ಸರಿಯಾಗಿ ಹೊಂದಿಸಿದೆಯೇ ಎಂಬ ಪರೀಕ್ಷೆ, ಕೇಳಬಹುದು. ಆಗ ಅಧಿಕಾರಿ ಅದಕ್ಕೆಂದೇ ಇಟ್ಟ ಪಿಸ್ತೂಲು ತಂದು, ಶೂಟರ್ ನಿಂತ ಜಾಗದ ಹತ್ತಿರವೇ ನಿಂತು ಹೊಡೆಯುತ್ತಾರೆ. ಬೀಳದಿದ್ದರೆ ಇಡೀ ಸ್ಟೇಜ್ ರೀಶೂಟ್ (ಮೊದಲಿನಿಂದ ಮತ್ತೆ ಆಡುವುದು), ಬಿದ್ದರೆ ಶೂಟರ್‌ಗೆ ಮಿಸ್. ಅಂಕವನ್ನು ಸೆಕೆಂಡಿನಿಂದ ಭಾಗಿಸಿದರೆ ಬರುವುದು ಹಿಟ್ ಫ್ಯಾಕ್ಟರ್, 20 ಸೆಕೆಂಡಿನಲ್ಲಿ 100 ಅಂಕ ಬಂದರೆ ಅದು 5. ಇನ್ನೊಂದು ಗುಂಡಿಗೆ ಅರ್ಧ ಸೆಕೆಂಡ್ ಹೋದರೆ 4.88. ಮಿಸ್ ಆದರೆ ಪಾಪರ್‌ನ 5 ಅಂಕವೂ ಹೋಗಿ ದಂಡದ 10 ಕಳೆದು, 85ನ್ನು 20ರಿಂದ ಭಾಗಿಸಿದರೆ 4.25. ಈ ಲೆಕ್ಕ ಗೊತ್ತಿದ್ದವರು ಸುಮ್ಮನೆ ಎರಡನೇ ಗುಂಡು ಹಾಕುತ್ತಾರೆ. ನನ್ನ ತಕರಾರು ಇಲ್ಲೇ ಇರುವುದು. ವಿವೇಕದಿಂದ ಆಡಿದವರಿಗೆ ನಿಯಮದಲ್ಲಿ ಪರಿಹಾರವಿಲ್ಲ, ಪಣಕ್ಕಿಟ್ಟವರಿಗೆ ಇದೆ.

ಒಂದು ಪಂದ್ಯದಲ್ಲಿ ಇದನ್ನು ಕಣ್ಣಾರೆ ನೋಡಿದೆ. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಮೈನರ್‌ನಲ್ಲಿ ಆಡುತ್ತಿದ್ದ ಒಬ್ಬ ಮಹಿಳೆ ಪಾಪರ್‌ನ ವೃತ್ತದ ನಡುವಿಗೇ ಹೊಡೆದರು. ಅದು ನಿಂತೇ ಇತ್ತು. ಅವರು ಮುಂದೆ ಹೋಗಿ ಸ್ಟೇಜ್ ಮುಗಿಸಿ, ಪಿಸ್ತೂಲು ಖಾಲಿ ಮಾಡಿ ತೋರಿಸಿ, ಕ್ಯಾಲಿಬ್ರೇಶನ್ ಬೇಕು ಎಂದರು. ಬಣ್ಣದ ಡಬ್ಬಿ ಹಿಡಿದು ಹೊರಟಿದ್ದವರನ್ನು ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಇಡೀ ರೇಂಜಿನ ಹೊಣೆ ಹೊತ್ತ ರೇಂಜ್ ಮಾಸ್ಟರ್ ಬಂದು ಹೊಡೆದರು, ಪಾಪರ್ ಅಲುಗಿತು, ಬೀಳಲಿಲ್ಲ. ರೀಶೂಟ್ ಸಿಕ್ಕಿತು, ಸರಿಯೇ. ಆದರೆ ಅದೇ ಸ್ಕ್ವಾಡಿನ (ಒಟ್ಟಿಗೆ ಆಡುವ ಗುಂಪಿನ) ಇಬ್ಬರು ಅವರಿಗಿಂತ ಮೊದಲೇ ಅದೇ ಪಾಪರ್‌ಗೆ ಎರಡೆರಡು ಗುಂಡು ಹಾಕಿ ಕೆಡವಿದ್ದರು. ಆ ಇಬ್ಬರ ಸಮಯ ಹಾಗೇ ದಾಖಲಾಯಿತು. ಪಾಪರ್ ಭಾರವಾಗಿತ್ತೆಂದು ಎಲ್ಲರ ಮುಂದೆ ಸಾಬೀತಾದ ಮೇಲೂ ಅವರಿಗೆ ಏನೂ ಸಿಗಲಿಲ್ಲ.

ಇನ್ನೂ ಒಂದು ಅಸಮತೆ ಇದೆ. ಉಕ್ಕಿನ ಪ್ಲೇಟ್ (ಬೀಳಬೇಕಾದ ಇನ್ನೊಂದು ಬಗೆಯ ಗುರಿ) ಹೊಡೆತ ತಿಂದೂ ಬೀಳದಿದ್ದರೆ ಸಾಮಗ್ರಿ ಕೆಟ್ಟಿದೆ ಎಂದು ಘೋಷಿಸಿ ಆರ್‌ಓ ರೀಶೂಟ್ ಕೊಡಬಹುದು, ಕ್ಯಾಲಿಬ್ರೇಶನ್ನಿನ ಗೊಡವೆಯೇ ಇಲ್ಲ. ಪ್ಲೇಟಿಗೆ ನಂಬುವ ಆರ್‌ಓ ಕಣ್ಣನ್ನು ಪಾಪರ್‌ಗೆ ಯಾಕೆ ನಂಬಬಾರದು? ಬಲ ಅಳೆಯಲು ಪಾಪರ್ ಬೇಕು ಎಂದರೆ, ದೊಡ್ಡ ಪಂದ್ಯಗಳಲ್ಲಿ ಎಲ್ಲರ ಗುಂಡಿನ ವೇಗವನ್ನೂ ಕ್ರೋನೋಗ್ರಾಫ್ ಯಂತ್ರ ಅಳೆಯುತ್ತದೆ. ಕ್ರೋನೋ ಇಡದ ಕ್ಲಬ್ ಪಂದ್ಯಗಳಲ್ಲಿ ಮಾತ್ರ ಆ ವಾದಕ್ಕೆ ತೂಕವಿದೆ, ಅದನ್ನು ಒಪ್ಪುತ್ತೇನೆ.

ಇಷ್ಟಕ್ಕೂ ನ್ಯಾಯದ ಮುಕ್ಕಾಲು ಭಾಗ ಬೆಳಗ್ಗೆ ಸ್ಟೇಜ್ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ನಾನು ಮೊದಲು ನೆಲ ಕೆರೆದು ಮಟ್ಟ ಮಾಡಿ, ಚೌಕಟ್ಟಿಗೆ ಗೂಟ ಬಡಿಯುತ್ತೇನೆ. ಪಾಪರ್ ಬಿದ್ದಾಗಲೆಲ್ಲ ಚೌಕಟ್ಟು ಕದಲುತ್ತದೆ. ಹಸಿ ಮಣ್ಣಿನಲ್ಲಿ ಅದರ ಮುಂಭಾಗ ಕುಸಿದರೆ ಪಾಪರ್ ಶೂಟರ್ ಕಡೆಗೆ ವಾಲಿ ಭಾರವಾಗುತ್ತದೆ. ವಾಲುವಿಕೆ ಹೊಂದಿಸುವ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ತೀರಾ ಹಗುರ ಮಾಡಿದರೆ ಗಾಳಿಗೇ ಬೀಳುತ್ತದೆ, ಅದಕ್ಕೂ ರೀಶೂಟ್. ಪಾಪರ್ ಬಿದ್ದಾಗ ಚಾಲೂ ಆಗುವ ಸ್ವಿಂಗರ್ (ಆಚೀಚೆ ತೂಗಾಡುವ ಗುರಿ) ಇದ್ದರೆ ಕೇಬಲ್ ಕಟ್ಟಿದ ಮೇಲೆಯೇ ಹೊಡೆದು ನೋಡುತ್ತೇನೆ. ಕೇಬಲ್ಲಿನ ಎಳೆತವೂ ಪಾಪರ್‌ಗೆ ಭಾರವೇ, ಬಿಚ್ಚಿಟ್ಟು ಪರೀಕ್ಷಿಸಿದರೆ ಆ ಪರೀಕ್ಷೆಗೆ ಅರ್ಥವಿಲ್ಲ. ಎತ್ತಿ ನಿಲ್ಲಿಸುವವರಿಗೆ ಪಾದದ ಸಂದಿಯನ್ನು ಕೈಯಿಂದ ಸವರಿ ನೋಡಲು ಹೇಳುತ್ತೇನೆ. ಅಲ್ಲಿ ಗುಂಡಿನ ಚೂರೋ ಹರಳುಕಲ್ಲೋ ಸಿಕ್ಕಿಕೊಂಡರೆ ಬೆಳಗ್ಗೆ ಇಟ್ಟ ವಾಲುವಿಕೆ ಉಳಿಯುವುದಿಲ್ಲ.

ಆ ಪಂದ್ಯದ ನಂತರ ಇನ್ನೊಂದು ಅಭ್ಯಾಸ ಸೇರಿಸಿಕೊಂಡೆ. ಯಾರಾದರೂ ಒಳ್ಳೆಯ ಹೊಡೆತ ಹೊಡೆದೂ ಎರಡನೇ ಗುಂಡು ಹಾಕಬೇಕಾಗಿ ಬಂದರೆ, ಅವರು ದೂರು ಕೊಡಲಿ ಬಿಡಲಿ, ಮುಂದಿನ ಶೂಟರನ್ನು ಕರೆಯುವ ಮೊದಲು ರೇಂಜ್ ಮಾಸ್ಟರ್‌ಗೆ ಹೇಳಿ ಆ ಪಾಪರ್ ನೋಡಿಸುತ್ತೇನೆ. ಹೊಡೆದವರಿಗೆ ಇದರಿಂದ ಏನೂ ಸಿಗುವುದಿಲ್ಲ, ಅವರ ಹಿಂದೆ ಬರುವವರಿಗೆ ಸಿಗುತ್ತದೆ. ಸ್ಕ್ವಾಡ್ ಐದು ನಿಮಿಷ ಕಾಯಬೇಕಾಗುತ್ತದೆ. ಕಾಯಲಿ.

ಹೊಸದಾಗಿ ಬರುವ ನಮ್ಮ ಕನ್ನಡದ ಹುಡುಗರಿಗೆ ಹೇಳುವುದಿಷ್ಟು: ಮೊದಲ ಗುಂಡಿಗೆ ಬೀಳದಿದ್ದರೆ ಯೋಚಿಸದೆ ಎರಡನೆಯದು ಹಾಕಿ. ಅದಕ್ಕೂ ಬೀಳದಿದ್ದರೆ ಮ್ಯಾಗಜೀನ್ ಖಾಲಿ ಮಾಡುತ್ತ ನಿಲ್ಲಬೇಡಿ, ಮುಂದೆ ಹೋಗಿ. ಕೊನೆಗೆ ಅಂಕ ಬರೆಯುವ ಮೊದಲೇ ಕ್ಯಾಲಿಬ್ರೇಶನ್ ಕೇಳಿ. ಅಲ್ಲಿಯವರೆಗೆ ನೀವಾಗಲಿ ನಿಮ್ಮ ಜೊತೆಯವರಾಗಲಿ ಪಾಪರ್ ಹತ್ತಿರ ಕಾಲಿಡಬೇಡಿ. ಮುಟ್ಟಿದರೆ ಪಾಪರ್ ಎಷ್ಟೇ ಕೆಟ್ಟಿರಲಿ, ಮಿಸ್ ಎಂದೇ ಬರೆಯುತ್ತಾರೆ.