ಸುಸಾನಳನ್ನು ನಕಲು ಮಾಡಿದ ಬಗೆ

ಒಂದು ಚಿತ್ರವನ್ನು ಅರ್ಥ ಮಾಡಿಕೊಳ್ಳಬೇಕೆನಿಸಿದಾಗ ನಾನು ಮೊದಲು ಅದನ್ನು ಪೆನ್ಸಿಲ್‌ನಲ್ಲಿ ನಕಲು ಮಾಡುತ್ತೇನೆ, ಆಮೇಲೆ ಚಿತ್ರದಲ್ಲಿರುವವರು ಕುಳಿತಂತೆ ನಾನೂ ಕುಳಿತು ನೋಡುತ್ತೇನೆ. ಯುರೋಪಿನ ನಗ್ನಚಿತ್ರಗಳನ್ನು ನಾನು ಅಭ್ಯಾಸ ಮಾಡಿದ್ದು ಈ ಎರಡು ಕೆಲಸಗಳಿಂದಲೇ. ಕರ್ನಾಟಕದಲ್ಲಿ ನಾನು ಓದಿದ ಚಿತ್ರಕಲಾ ಶಾಲೆಯಲ್ಲಿ ಮಾಡೆಲ್ ಆಗಿ ಬರುತ್ತಿದ್ದವರು ಸೀರೆಯುಟ್ಟೋ ಪಂಚೆಯುಟ್ಟೋ ಕೂರುತ್ತಿದ್ದರು. ಬಟ್ಟೆಯಿಲ್ಲದ ಮೈಯನ್ನು ನಾವು ಕಲಿತದ್ದು ಮುದ್ರಿತ ಪುಟಗಳಿಂದ, ಎಂದರೆ ಯುರೋಪಿನ ಚಿತ್ರಕಾರರಾದ ಟಿಶಿಯನ್, ಆಂಗ್ರ್, ರೆನ್ವಾರ್ ಬರೆದು ತೋರಿಸಿದಂತೆ. ಹೆಣ್ಣಿನ ಮೈ ಹೀಗೆಯೇ ಮಲಗುತ್ತದೆ, ಹೀಗೆಯೇ ತಿರುಗುತ್ತದೆ ಎಂದು ನನ್ನ ಕೈ ನಂಬಿಬಿಟ್ಟಿತ್ತು. ನಾನೇ ಹೆಣ್ಣಾಗಿದ್ದೂ, ನನ್ನ ಮೈ ಹಾಗೆ ಮಲಗುವುದಿಲ್ಲವಲ್ಲ ಎಂಬ ಪ್ರಶ್ನೆ ಬಹಳ ವರ್ಷ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಲಂಡನ್ನಿನಲ್ಲಿ. ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರಗಳ ಮುಂದೆ ಕುಳಿತು ಪೆನ್ಸಿಲ್‌ನಲ್ಲಿ ಸ್ಕೆಚ್ ಮಾಡಲು ಅವಕಾಶವಿದೆ. ನಾನು ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ‘ರೋಕ್ಬಿ ವೀನಸ್’ ಚಿತ್ರವನ್ನು ಆರಿಸಿಕೊಂಡೆ. 1647ರಿಂದ 1651ರ ನಡುವೆ ಬರೆದದ್ದೆಂದು ಹೇಳಲಾಗುವ ಈ ಚಿತ್ರ, ಅವನು ಬರೆದ ಸ್ತ್ರೀ ನಗ್ನಚಿತ್ರಗಳಲ್ಲಿ ಉಳಿದಿರುವ ಒಂದೇ ಒಂದು. ಪ್ರೇಮದೇವತೆ ವೀನಸ್ ನಮಗೆ ಬೆನ್ನು ಮಾಡಿ ಮಲಗಿದ್ದಾಳೆ, ಅವಳ ಮಗ ಕ್ಯುಪಿಡ್ ಹಿಡಿದ ಕನ್ನಡಿಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತದೆ. ಅವಳು ತನ್ನ ಚೆಲುವನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ ಎಂದೇ ನಾನೂ ತಿಳಿದಿದ್ದೆ. ಆದರೆ ನಕಲು ಮಾಡುವಾಗ ಕನ್ನಡಿಯ ಚೌಕಟ್ಟಿನ ಓರೆ ಎಷ್ಟು, ಒಳಗಿನ ಮುಖದ ಅಳತೆ ಎಷ್ಟು ಎಂದು ಪೆನ್ಸಿಲ್ ಹಿಡಿದು ಅಳೆಯಬೇಕಾಗುತ್ತದೆ. ಅಳೆದಾಗ ಲೆಕ್ಕ ಕೂಡಲಿಲ್ಲ.

ಮನೆಗೆ ಬಂದು ತಂಗಿಯನ್ನು ಮಂಚದ ಮೇಲೆ ಅದೇ ಭಂಗಿಯಲ್ಲಿ ಮಲಗಿಸಿ, ಎದುರಿನ ಕುರ್ಚಿಗೆ ಒಂದು ಕನ್ನಡಿ ಒರಗಿಸಿದೆ. ನಾನು ಅವಳ ಬೆನ್ನ ಹಿಂದೆ ನಿಂತು, ನನಗೆ ಅವಳ ಮುಖ ಕಾಣುವವರೆಗೂ ಕನ್ನಡಿಯನ್ನು ಸರಿಸಿದೆವು. ಮುಖ ಕಂಡ ಗಳಿಗೆಯಲ್ಲಿ ಅವಳಿಗೆ ಏನು ಕಾಣುತ್ತಿದೆ ಎಂದು ಕೇಳಿದೆ. “ನೀನು ಕಾಣ್ತಿದ್ದೀಯಲ್ಲೇ ಅಕ್ಕಾ, ನಾನೆಲ್ಲಿ ಕಾಣ್ತೀನಿ?” ಎಂದಳು. ಬೆಳಕು ಹೋದ ದಾರಿಯಲ್ಲೇ ಮರಳುವುದರಿಂದ, ನನಗೆ ಕನ್ನಡಿಯಲ್ಲಿ ಅವಳ ಕಣ್ಣು ಕಂಡರೆ ಅವಳಿಗೂ ಅದೇ ಜಾಗದಲ್ಲಿ ನನ್ನ ಕಣ್ಣು ಕಾಣಲೇಬೇಕು. ಜೊತೆಗೆ, ಕನ್ನಡಿಯೊಳಗಿನ ಅವಳ ಮುಖ ನಿಜವಾದ ತಲೆಯ ಮುಕ್ಕಾಲು ಅಳತೆಯಷ್ಟೂ ಇರಲಿಲ್ಲ. ವೆಲಾಸ್ಕೆಸ್‌ನ ಕನ್ನಡಿಯಲ್ಲಿ ಮುಖ ಅಷ್ಟು ಕುಗ್ಗುವುದಿಲ್ಲ. ಅಂದರೆ ಆ ವೀನಸ್ ತನ್ನನ್ನು ನೋಡಿಕೊಳ್ಳುತ್ತಲೇ ಇಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದಾಳೆ, ಮತ್ತು ಆ ‘ಯಾರಾದರೂ’ ನಿಲ್ಲಬೇಕಾದ ಜಾಗವನ್ನು ಚಿತ್ರಕಾರ ಮೊದಲೇ ಗೊತ್ತು ಮಾಡಿಟ್ಟಿದ್ದಾನೆ. ನಾನು ಆ ಸಂಜೆ ನಿಂತದ್ದು ಅದೇ ಜಾಗದಲ್ಲಿ.

ಈ ಚಿತ್ರವನ್ನು 1914ರ ಮಾರ್ಚ್ 10ರಂದು ಮೇರಿ ರಿಚರ್ಡ್‌ಸನ್ ಎಂಬಾಕೆ ಮಾಂಸ ಕತ್ತರಿಸುವ ಕತ್ತಿಯಿಂದ ಸೀಳಿದಳು. ಮಹಿಳಾ ಮತದಾನದ ಹೋರಾಟಗಾರ್ತಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಬಂಧನವನ್ನು ವಿರೋಧಿಸಿ ಹಾಗೆ ಮಾಡಿದೆನೆಂದು ಆಕೆ ಆಗ ಹೇಳಿದ್ದಳು. ಗಂಡಸರು ದಿನವಿಡೀ ಬಾಯಿಬಿಟ್ಟುಕೊಂಡು ಆ ಚಿತ್ರವನ್ನು ನೋಡುತ್ತಿದ್ದುದೂ ತನಗೆ ಹಿಡಿಸಿರಲಿಲ್ಲ ಎಂದು 1952ರಲ್ಲಿ ಸೇರಿಸಿದಳು. ಚಿತ್ರವನ್ನು ಸೀಳುವುದನ್ನು ನಾನು ಒಪ್ಪಲಾರೆ. ಆ ಬೆನ್ನಿನ ಮೇಲೆ ಬೂದು ಮತ್ತು ಗುಲಾಬಿ ಬಣ್ಣಗಳು ಒಂದರೊಳಗೊಂದು ಕರಗುವ ರೀತಿಯನ್ನು ಗಂಟೆಗಟ್ಟಲೆ ಹಿಂಬಾಲಿಸಿದ ಕೈ ನನ್ನದು. ಆದರೆ ಆಕೆ ಕಂಡದ್ದು ಸುಳ್ಳಲ್ಲ ಎಂಬುದೂ ಅದೇ ಕೈಗೆ ಗೊತ್ತು.

ಆಮೇಲೆ ಸುಸಾನಳಿಗೆ ಬಂದೆ. ಬೈಬಲಿನ ದಾನಿಯೇಲನ ಗ್ರಂಥಕ್ಕೆ ಸೇರಿಕೊಂಡಿರುವ ಕಥೆ ಇದು: ತೋಟದಲ್ಲಿ ಸ್ನಾನ ಮಾಡುವ ಸುಸಾನಳನ್ನು ಇಬ್ಬರು ಹಿರಿಯರು, ನ್ಯಾಯಾಧೀಶರೇ ಆದವರು, ಕದ್ದು ನೋಡುತ್ತಾರೆ, ತಮ್ಮ ಆಸೆಗೆ ಒಪ್ಪದಿದ್ದರೆ ವ್ಯಭಿಚಾರದ ಆರೋಪ ಹೊರಿಸುತ್ತೇವೆಂದು ಬೆದರಿಸುತ್ತಾರೆ, ಅವಳು ಒಪ್ಪುವುದಿಲ್ಲ. ಬಲವಂತದ ಈ ಕಥೆ ಯುರೋಪಿನ ಚಿತ್ರಕಾರರಿಗೆ ನಗ್ನಚಿತ್ರ ಬರೆಯಲು ಸಿಕ್ಕ ಧಾರ್ಮಿಕ ಅನುಮತಿಯಾಯಿತು. ವಿಯೆನ್ನಾದಲ್ಲಿರುವ ಟಿಂಟೊರೆಟ್ಟೊನ ಸುಸಾನ (ಸುಮಾರು 1555) ಕನ್ನಡಿಯಲ್ಲಿ ಮೈಮರೆತಿದ್ದಾಳೆ; ಸುತ್ತ ಮುತ್ತು, ಬಾಚಣಿಗೆ, ಬಿಳಿಯ ವಸ್ತ್ರ; ಬೇಲಿಯ ಕೊನೆಯಲ್ಲಿ ಬೋಳುತಲೆಯ ಮುದುಕ ಇಣುಕುತ್ತಾನೆ. ಇದನ್ನು ನಕಲು ಮಾಡಲು ನನಗೆ ಎಲ್ಲಿಯೂ ತೊಡಕಾಗಲಿಲ್ಲ. ಭುಜದಿಂದ ಮೊಣಕಾಲಿನವರೆಗೆ ಗೆರೆ ತಡೆಯಿಲ್ಲದೆ ಹರಿಯುತ್ತದೆ, ಬೆಳಕೆಲ್ಲವೂ ಅವಳ ಮೈಮೇಲೆಯೇ ಬೀಳುತ್ತದೆ. ಮುದುಕನಿಗೆ ಕಾಣುವುದಕ್ಕಿಂತ ಹೆಚ್ಚು ನಮಗೆ ಕಾಣುವಂತೆ ಅವಳನ್ನು ಕೂರಿಸಲಾಗಿದೆ.

ಇಟಲಿಯ ಚಿತ್ರಕಾರ್ತಿ ಅರ್ತೆಮಿಸಿಯಾ ಜೆಂಟಿಲೆಸ್ಕಿ ತನ್ನ ಸುಸಾನಳಿಗೆ ಹೆಸರನ್ನೂ 1610ರ ಇಸವಿಯನ್ನೂ ಬರೆದು ಸಹಿ ಮಾಡಿದಾಗ ಅವಳಿಗೆ ಹದಿನೇಳು ವರ್ಷ. ಜರ್ಮನಿಯ ಪೊಮರ್ಸ್‌ಫೆಲ್ಡನ್‌ನಲ್ಲಿರುವ ಆ ಚಿತ್ರವನ್ನು ನಾನು ದೊಡ್ಡದಾಗಿ ಮುದ್ರಿಸಿದ ಪ್ರತಿಯಿಂದ ಮೂರು ಬಾರಿ ಬರೆದೆ, ಮೊದಲ ಎರಡೂ ಕೆಟ್ಟವು. ತೋಟವಿಲ್ಲ, ಕನ್ನಡಿಯಿಲ್ಲ, ಒಡವೆಯಿಲ್ಲ. ಬರಿಯ ಕಲ್ಲಿನ ಕಟ್ಟೆ, ಅದರ ಮೇಲಿನಿಂದ ಬಾಗಿದ ಇಬ್ಬರು ಗಂಡಸರು, ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರೆ ಆ ಇನ್ನೊಬ್ಬ ತುಟಿಯ ಮೇಲೆ ಬೆರಳಿಟ್ಟಿದ್ದಾನೆ. ನಾನು ಎಡವಿದ್ದು ಸೊಂಟದಲ್ಲಿ. ಅಭ್ಯಾಸಬಲದಿಂದ ನನ್ನ ಕೈ ಅಲ್ಲಿ ಒಂದು ಹರಿಯುವ ಗೆರೆಯನ್ನು ಎಳೆಯುತ್ತಿತ್ತು, ಅವಳ ಚಿತ್ರದಲ್ಲಿ ಅಂಥ ಗೆರೆಯೇ ಇಲ್ಲ.

ಕೊನೆಗೆ ಹಿತ್ತಲಿನ ಮೆಟ್ಟಿಲ ಮೇಲೆ ಬಟ್ಟೆ ತೊಟ್ಟೇ ಹಾಗೆ ಕುಳಿತೆ: ಕಾಲು ಮುಂದಕ್ಕೆ, ಮುಖ ಒಂದು ಕಡೆ, ಎತ್ತಿದ ಕೈಗಳು ಇನ್ನೊಂದು ಕಡೆ. ಎರಡು ನಿಮಿಷಕ್ಕೆ ಕುತ್ತಿಗೆ ನೊಂದಿತು, ಮೈಭಾರವೆಲ್ಲ ಒಂದೇ ಪಕ್ಕದ ತೊಡೆಯ ಮೇಲೆ ಬಿತ್ತು, ಹೊಟ್ಟೆ ಮಡಿಕೆಯಾಯಿತು, ಕಂಕುಳ ಹತ್ತಿರ ಚರ್ಮ ಎಳೆದುಕೊಂಡಿತು. ಎದ್ದು ಹೋಗಿ ಚಿತ್ರ ನೋಡಿದರೆ ಮಡಿಕೆ, ಎಳೆತ ಎಲ್ಲವೂ ಅಲ್ಲಿದ್ದವು. ಮೂರನೆಯ ಬಾರಿ ಹೊರಗೆರೆಯನ್ನು ಬಿಟ್ಟು, ಭಾರ ಬೀಳುವ ತೊಡೆಯಿಂದ ಆರಂಭಿಸಿದೆ. ಆಗ ಚಿತ್ರ ಕುಳಿತುಕೊಂಡಿತು. ಆ ತಳ್ಳುವ ಕೈಗಳು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲಾಂಜೆಲೊ ಬರೆದ, ಸ್ವರ್ಗದಿಂದ ಹೊರಹಾಕಲ್ಪಡುವ ಆದಮನ ಕೈಗಳನ್ನು ಹೋಲುತ್ತವೆ. ಗಂಡಸಿನ ಮೈಗೆ ಕೊಟ್ಟಿದ್ದ ಸಂಕಟದ ಭಾಷೆಯನ್ನು ಈ ಹುಡುಗಿ ಸುಸಾನಳಿಗೆ ತಂದುಕೊಟ್ಟಳು. ಚಿತ್ರಕಾರನೇ ಆಗಿದ್ದ ಅವಳ ತಂದೆ ಒರಾತ್ಸಿಯೊ ಇದರಲ್ಲಿ ಕೈಯಾಡಿಸಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಕೈಯಾಡಿಸಿದ್ದರೂ ಆ ಹೊಟ್ಟೆಯ ಮಡಿಕೆ ಅವಳದೇ ಎಂದು ನಾನು ನಂಬುತ್ತೇನೆ. ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅಗೊಸ್ಟಿನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿದ್ದು ಮರುವರ್ಷ, 1611ರಲ್ಲಿ. ಆ ನೋವಿನಿಂದಲೇ ಈ ಚಿತ್ರ ಹುಟ್ಟಿತು ಎನ್ನುವವರು ಇಸವಿಯನ್ನು ಗಮನಿಸಬೇಕು. ಅವಳಿಗೆ ಇದನ್ನು ಬರೆಯಲು ಕಣ್ಣು ಮತ್ತು ಕಸುಬು ಸಾಕಾಗಿದ್ದವು.

ಕಸುಬನ್ನು ಕಲಿಯುವ ಬಾಗಿಲು ಹೆಂಗಸರಿಗೆ ಬಹುಕಾಲ ಮುಚ್ಚಿತ್ತು. 1768ರಲ್ಲಿ ಲಂಡನ್ನಿನ ಕಲಾ ಸಂಸ್ಥೆ ರಾಯಲ್ ಅಕಾಡೆಮಿಯನ್ನು ಸ್ಥಾಪಿಸಿದವರಲ್ಲಿ ಚಿತ್ರಕಾರ್ತಿಯರಾದ ಏಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಇದ್ದರು. ಆದರೆ ಅಕಾಡೆಮಿಯ ಸದಸ್ಯರು ನಗ್ನ ಮಾಡೆಲ್‌ನ ಸುತ್ತ ಸೇರಿರುವ ಚಿತ್ರವನ್ನು ಜೊಹಾನ್ ಜೊಫನಿ 1771–72ರಲ್ಲಿ ಬರೆದಾಗ, ಆ ಇಬ್ಬರನ್ನು ಗೋಡೆಯ ಮೇಲೆ ತೂಗುಹಾಕಿದ ಭಾವಚಿತ್ರಗಳಾಗಿ ಮಾತ್ರ ಸೇರಿಸಿದ. ಪ್ಯಾರಿಸ್ಸಿನ ಕಲಾಶಾಲೆ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1897ರಲ್ಲಿ.

ಫ್ರಾನ್ಸಿನ ಚಿತ್ರಕಾರ್ತಿ ಸುಜಾನ್ ವಲಾಡನ್ ಯಾವ ಅಕಾಡೆಮಿಗೂ ಹೋದವಳಲ್ಲ. ಅಗಸಗಿತ್ತಿಯ ಮಗಳು, ರೆನ್ವಾರ್, ತುಲೂಸ್-ಲೋತ್ರೆಕ್ ಮುಂತಾದವರಿಗೆ ಮಾಡೆಲ್ ಆಗಿ ಕುಳಿತು, ಅವರ ಕೈಗಳನ್ನು ನೋಡುತ್ತಾ ಕಲಿತವಳು. ಅವಳ 1923ರ ‘ನೀಲಿ ಕೋಣೆ’ಯಲ್ಲಿ ವೀನಸ್ಸಿನಂತೆಯೇ ಒರಗಿ ಮಲಗಿದ ಹೆಂಗಸು ಪಟ್ಟೆಯ ಪೈಜಾಮ ತೊಟ್ಟು, ಬಾಯಲ್ಲಿ ಸಿಗರೇಟಿಟ್ಟುಕೊಂಡು ಎತ್ತಲೋ ನೋಡುತ್ತಿದ್ದಾಳೆ, ಕಾಲ ಬಳಿ ಎರಡು ಪುಸ್ತಕಗಳಿವೆ. ಭಂಗಿ ಹಳೆಯದು, ಆದರೆ ನೋಡುವವನಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ. ಇದನ್ನೂ ನಕಲು ಮಾಡಿದೆ. ಈ ಭಂಗಿಯಲ್ಲಿ ನಾನು ಅರ್ಧ ಗಂಟೆ ಆರಾಮವಾಗಿ ಮಲಗಿದ್ದೆ.

ಈಗ ವಾರಕ್ಕೊಮ್ಮೆ ನಮ್ಮ ಲೈಫ್ ಡ್ರಾಯಿಂಗ್ ಗುಂಪಿಗೆ ಮಾಡೆಲ್ ಬಂದಾಗ ಭಂಗಿಯನ್ನು ನಾನು ಹೇಳುವುದಿಲ್ಲ, ಅವರೇ ಆರಿಸಿಕೊಳ್ಳುತ್ತಾರೆ. ಬರೆಯುವ ಮೊದಲು, ಭಾರ ಎಲ್ಲಿ ಬೀಳುತ್ತಿದೆ ಎಂದು ಕೇಳಿ, ಅಲ್ಲಿಂದಲೇ ಗೆರೆ ಎಳೆಯುತ್ತೇನೆ. ಕಳೆದ ವಾರ ಬಂದಿದ್ದ ನಡುವಯಸ್ಸಿನ ಹೆಂಗಸು ಬೆತ್ತದ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತು, ಎದ್ದು ನೀರು ಕುಡಿದು, ನನ್ನ ಕಡೆ ಬೆನ್ನು ಮಾಡಿ ಕಿಟಕಿಯ ಬಳಿ ನಿಂತರು. ಅವರ ತೊಡೆಯ ಹಿಂದೆ ಬೆತ್ತದ ಹೆಣಿಗೆಯ ಕೆಂಪು ಗುರುತು ಮೂಡಿತ್ತು. ಹಾಗೆ ನಿಂತದ್ದನ್ನೂ ಬರೆಯಬಹುದೇ ಎಂದು ಕೇಳಿದೆ, ಒಪ್ಪಿದರು. ಆ ಗುರುತನ್ನೂ ಬಿಡದೆ ಬರೆದೆ.