ಮುರಕಲ್ಲಿನ ಹುಡಿಯಿಂದ ಬೂಷ್ಟು ಬಿಡಿಸಿದ ಕಬ್ಬಿಣ

ಕಾಸರಗೋಡಿನ ಪೆರ್ಲದ ಸುತ್ತಮುತ್ತ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಕೋರೆಗಳಿಗೆ ಬರವಿಲ್ಲ. ಯಂತ್ರ ಕಲ್ಲು ಕೊಯ್ದ ಮೇಲೆ ಉಳಿಯುವ ಹುಡಿ ಮಳೆಗಾಲದಲ್ಲಿ ತೋಡಿಗೆ ಇಳಿದು ನೀರನ್ನು ಕೆಂಪಾಗಿಸುತ್ತದೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಮೇಜಿನ ಮೇಲೆ ಹುಡುಗಿಯೊಬ್ಬಳು ಆ ಹುಡಿಯ ಪೊಟ್ಟಣವಿಟ್ಟು, "ಇದರಲ್ಲಿ ಕಬ್ಬಿಣ ಇದೆ ಎಂದಿರಲ್ಲ, ತೆಗೆದು ತೋರಿಸಿ" ಎಂದಳು. ಕುಲುಮೆ ಇಲ್ಲದೆ, ಜೀವಿಗಳ ಕೈಯಿಂದಲೇ ತೆಗೆಸೋಣ ಎಂದೆ.

ಈ ವಿದ್ಯೆಯಲ್ಲಿ ಹೆಸರಾದದ್ದು ಅಸಿಡಿಥಿಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂಬ ಬ್ಯಾಕ್ಟೀರಿಯಾ. 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿನೀರಿನಲ್ಲಿ ಅದರ ಸುಳಿವು ಸಿಕ್ಕಿತು. ಇಂದು ಚಿಲಿಯಲ್ಲಿ ಕೀಳುದರ್ಜೆಯ ಅದಿರಿನ ರಾಶಿಗಳಿಂದ ತಾಮ್ರ ಬಿಡಿಸುವುದು ಇಂಥ ಬ್ಯಾಕ್ಟೀರಿಯಾಗಳೇ. ಆದರೆ ಅದು ಬದುಕುವುದು ಇನ್ನೂ ಪೂರ್ತಿ ತುಕ್ಕಾಗದ ಫೆರಸ್ ಕಬ್ಬಿಣ ಮತ್ತು ಗಂಧಕವನ್ನು ಉಂಡು. ಮುರಕಲ್ಲು ಲಕ್ಷಾಂತರ ಮಳೆಗಾಲಗಳಲ್ಲಿ ತೊಳೆದು ತುಕ್ಕಾಗಿ ಮುಗಿದ ಕಲ್ಲು. ಅದರಲ್ಲಿ ಗಂಧಕವಿಲ್ಲ, ಕಬ್ಬಿಣ ಬಹುಪಾಲು ಪೂರ್ತಿ ತುಕ್ಕಾದ ಫೆರಿಕ್ ರೂಪದಲ್ಲೇ ಇದೆ. ಒಲೆ ಹಚ್ಚದ ಮನೆಗೆ ನೆಂಟರನ್ನು ಕರೆದಂತಾಗುತ್ತಿತ್ತು. ನಮಗೆ ಬೇಕಾದದ್ದು ಸಕ್ಕರೆ ತಿಂದು ಆಕ್ಸಾಲಿಕ್ ಮತ್ತು ಸಿಟ್ರಿಕ್ ಆಮ್ಲ ಬಿಡುವ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು.

ಈರುಳ್ಳಿ ಸಿಪ್ಪೆಯಲ್ಲಿ ಕಾಣುವ ಕಪ್ಪು ಹುಡಿ ಹೆಚ್ಚಾಗಿ ಇದರ ಬಳಗದ್ದೇ. ಆದರೂ ಗುರುತಿಲ್ಲದ ಬೂಷ್ಟನ್ನು ಮಕ್ಕಳ ನಡುವೆ ಬೆಳೆಸಲು ನನಗೆ ಮನಸ್ಸಾಗಲಿಲ್ಲ. ಪರಿಚಯದ ಪ್ರಯೋಗಾಲಯದಿಂದ ಶುದ್ಧ ತಳಿ ತಂದೆ. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, ಚಿಟಿಕೆ ಅಮೋನಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಫಾಸ್ಫೇಟ್, ನುಣ್ಣಗೆ ಅರೆದ ಕಲ್ಲಿನ ಹುಡಿ 2 ಗ್ರಾಂ. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ ಆರಿಸಿ ಬೀಜಕಣ ಹಾಕಿದೆವು. ಬೂಷ್ಟು ಹಾಕದ ಜೋಡಿ ಫ್ಲಾಸ್ಕ್ ಪಕ್ಕದಲ್ಲೇ ಇತ್ತು. ಅದಿಲ್ಲದಿದ್ದರೆ ಏನನ್ನೂ ಹೇಳುವಂತಿಲ್ಲ.

ಮೊದಲ ಸಲ ಕೆಟ್ಟಿತು, ತಪ್ಪು ನನ್ನದೇ. ದ್ರಾವಣ ತೀರಾ ಹುಳಿಯಾದರೆ ಬೂಷ್ಟು ಆಕ್ಸಾಲಿಕ್ ಬಿಟ್ಟು ಸಿಟ್ರಿಕ್ ಕಡೆಗೆ ವಾಲುತ್ತದೆ. ತುಕ್ಕನ್ನು ಕರಗಿಸುವುದರಲ್ಲಿ ಸಿಟ್ರಿಕ್‌ಗಿಂತ ಆಕ್ಸಾಲಿಕ್ ಆಮ್ಲವೇ ಚುರುಕು. ಹುಳಿ ತಗ್ಗಿಸಲೆಂದು ಸುಣ್ಣಕಲ್ಲಿನ ಹುಡಿ ಸೇರಿಸಿದೆ. ಅದರ ಕ್ಯಾಲ್ಸಿಯಂ ಆ ಆಮ್ಲದ ಆಕ್ಸಾಲೇಟ್ ಅಂಶವನ್ನು ಕಟ್ಟಿಕೊಂಡು ತಳದಲ್ಲಿ ಬಿಳಿ ಗಸಿಯಾಗಿ ಕೂತಿತು. ಎರಡನೆಯ ಸಲ ಅಡುಗೆ ಸೋಡಾ ಬಳಸಿದೆ.

ಮೂರು ವಾರ ಕಳೆದ ಮೇಲೆ ಮತ್ತೆ ಕುಕ್ಕರಿನಲ್ಲಿ ಬೇಯಿಸಿ, ಬೀಜಕಣ ಸತ್ತ ನಂತರವೇ ಮುಚ್ಚಳ ತೆರೆದೆವು. ಸೋಸಿದ ದ್ರಾವಣದಲ್ಲಿ ಫೆರಿಕ್ ಕಬ್ಬಿಣವಿದ್ದರೆ ಥಯೋಸಯನೇಟ್ ಎಂಬ ಲವಣದ ದ್ರಾವಣ ಹನಿಸಿದಾಗ ರಕ್ತಗೆಂಪು ಬರಬೇಕು; ಬರಲಿಲ್ಲ. ಮಕ್ಕಳ ಮುಖ ನೋಡಲಾಗಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಕಬ್ಬಿಣ ಅಲ್ಲೇ ಇದ್ದು, ಆಕ್ಸಾಲೇಟ್ ಅದನ್ನು ಬಿಗಿಹಿಡಿದಿದ್ದರೆ? ಮರುದಿನ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ನೋಡಿದೆ. ಹಿಡಿತ ಸಡಿಲಿ ಕೆಂಪು ಚಿಮ್ಮಿತು! ಬೂಷ್ಟಿಲ್ಲದ ಜೋಡಿಯಲ್ಲಿ ಬಣ್ಣ ಬರಲಿಲ್ಲ.

ಉಳಿದ ಹಸಿರು-ಹಳದಿ ದ್ರಾವಣವನ್ನು ಕಿಟಕಿಯ ಬಿಸಿಲಿಗೆ ಇಟ್ಟೆವು. ಬೆಳಕಿಗೆ ಫೆರಿಕ್ ಆಕ್ಸಾಲೇಟ್ ಫೆರಸ್ ಆಗಿ ಒಡೆಯುತ್ತದೆ, ಸಣ್ಣ ಗುಳ್ಳೆಗಳಾಗಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ತಳದಲ್ಲಿ ನಿಂತ ಹಳದಿ ಪುಡಿ ಫೆರಸ್ ಆಕ್ಸಾಲೇಟ್.

ಹತ್ತು ಗ್ರಾಂ ಸಕ್ಕರೆಗೆ ಇಷ್ಟು ಕಬ್ಬಿಣ ಎಂದರೆ ಯಾವ ವ್ಯಾಪಾರಿಯೂ ಒಪ್ಪಲಾರ. ಕಬ್ಬಿಣಕ್ಕಾಗಿ ಯಾರೂ ಈ ದಾರಿ ಹಿಡಿಯಬೇಕಾಗಿಯೂ ಇಲ್ಲ. ಆದರೆ ಒಡಿಶಾದ ಸುಕಿಂದಾದಲ್ಲಿ ಕ್ರೋಮೈಟ್ ಗಣಿಯವರು ಬದಿಗೆ ಸುರಿಯುವ ಮೇಲ್ಮಣ್ಣಿನಲ್ಲಿ ನಿಕ್ಕಲ್ ಇದೆ; ಅದನ್ನು ಬಿಡಿಸಲು ಸಂಶೋಧಕರು ಇದೇ ಬೂಷ್ಟನ್ನು ಪ್ರಯೋಗಿಸಿ ನೋಡಿದ್ದಾರೆ. ಅಲ್ಲಿ ಲೆಕ್ಕವೇ ಬೇರೆ.

ಹಳದಿ ಪುಡಿಯನ್ನು ಒಣಗಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಪರೀಕ್ಷಾನಳಿಕೆಯಲ್ಲಿ ನಾನೇ ಕಾಯಿಸಿದೆ. ವಿಷಾನಿಲ ಬರುವುದರಿಂದ ಮಕ್ಕಳು ದೂರ ನಿಂತರು. ಪುಡಿ ಕಪ್ಪಾಯಿತು. ತಣಿದ ಮೇಲೆ ಆ ಹುಡುಗಿಯ ಕೈಗೆ ಆಯಸ್ಕಾಂತ ಕೊಟ್ಟೆ. ಗಾಜಿನ ಹೊರಗೆ ಅವಳು ಅದನ್ನು ಸರಿಸಿದಂತೆ ಒಳಗಿನ ಕಪ್ಪು ಹುಡಿ ಎದ್ದು ಹಿಂಬಾಲಿಸಿತು.