ಡಬ್ಬಿಯಲ್ಲಿದ್ದ ಬಿಲ್ಲುಗಳು, ನನ್ನ ‘ನಾಳೆ ನೋಡೋಣ’
ವಿಜಯಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ತಿಂಗಳ ಜಿಎಸ್‌ಟಿ 3ಬಿ ರಿಟರ್ನ್, ಅಂದರೆ ಮಾರಾಟ, ತೆರಿಗೆಯ ಲೆಕ್ಕ, ಮುಂದಿನ ತಿಂಗಳ 20ರೊಳಗೆ ಹಾಕಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಇದೆಲ್ಲ ಗೊತ್ತಿದ್ದೂ ಬಿಲ್ಲುಗಳನ್ನು ಬಿಸ್ಕಿಟ್ ಡಬ್ಬಿಗೆ ತುರುಕಿ ‘ನಾಳೆ ನೋಡೋಣ’ ಅಂತ ಚಹಾ ಕುಡಿಯಲು ಹೋಗುತ್ತಿದ್ದೆ. ಸೋಮಾರಿ ಅಂತ ಮನೆಯಲ್ಲಿ ಬೈದರು. ಅದಲ್ಲ. ಲೆಕ್ಕ ತಾಳೆಯಾಗದಿದ್ದರೆ ಅನ್ನೋ ಹೆದರಿಕೆ. ಡಬ್ಬಿ ಮುಚ್ಚಿದ ಕೂಡಲೇ ಮನಸ್ಸು ಹಗುರ, ಅದೇ ಚಟವಾಯಿತು ನೋಡಿ.

ಕೊನೆಗೆ ಮೊಬೈಲ್‌ನಲ್ಲಿ 25 ನಿಮಿಷದ ಟೈಮರ್ ಇಟ್ಟೆ, ಅದು ಬಡಿಯೋವರೆಗೆ ಬರೀ ಬಿಲ್ಲಿನ ಕೆಲಸ. ಇದಕ್ಕೆ ಪೊಮೊಡೊರೊ ಅಂತಾರೆ, ಇಟಲಿಯವರ ಮಾತಲ್ಲಿ ಟೊಮೆಟೊ! ಮೊದಲ ದಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದಷ್ಟೇ. ಸಿಮೆಂಟ್ ಧೂಳು ಅಂಟಿದ್ದ ಒಂದನ್ನು ಮಾತ್ರ ಓದಲು ಆಗಲಿಲ್ಲ, ಫೋನ್ ಮಾಡಿ ಇನ್ನೊಂದು ಪ್ರತಿ ತರಿಸಿದೆ.

ಈಗ ಗಿರಾಕಿ ಬರೋ ಮುಂಚೆ ಹಿಂದಿನ ದಿನದ್ದು ಬರೆದುಬಿಡುತ್ತೇನೆ. ಈ ಸಲ 17ಕ್ಕೇ ರಿಟರ್ನ್ ಹೋಯಿತು. ಡಬ್ಬಿಯಲ್ಲಿ ಈಗ ಮೊಳೆಗಳಿವೆ.